ಹೆಸರು ಕಳಕೊಂಡ ದನಿಗಳು

ಧ್ವನಿ ಗ್ರಂಥಾಲಯದ ಕಾರ್ಯದರ್ಶಿಗಳ ಫೋನು ಬಂದಾಗ ನಾನು ವಿಜಯಪುರದ ತೊರವಿ ದಾರಿಯಲ್ಲಿರುವ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಯಂತ್ರಗಳನ್ನು ಸಜ್ಜು ಮಾಡುತ್ತಿದ್ದೆ.

“ಮೇಡಮ್ಮರ, ನಮ್ಮ ಸರ್ವರ್ ಬಾಯಿ ಮುಚ್ಚೈತ್ರಿ. ರಿಪೇರಿ ಅಂಗಡಿಯವರು ಬಂದಾರ. ಎಲ್ಲಾ ಮಾಡಿ ನೋಡೀವಿ, ಇನ್ನ ಫಾರ್ಮ್ಯಾಟ್ ಮಾಡೂದೊಂದ ಉಳದೈತಿ ಅನ್ನಾಕತ್ತಾರ. ಮಾಡಸಲ್ಯಾ?”

“ಬ್ಯಾಡ್ರಿ. ಯಾರೂ ಕೈ ಹಚ್ಚಬ್ಯಾಡ್ರಿ. ಈಗಿಂದೀಗ ಮಷೀನ್ ಬಂದ್ ಮಾಡಸ್ರಿ, ನಾ ಬರ್ತೀನಿ.”

ಆ ಸರ್ವರ್ ಇದ್ದದ್ದು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಹಳೆಯ ಮನೆಯೊಂದರ ಮೇಲಂತಸ್ತಿನಲ್ಲಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಸಂಸ್ಥೆ ಅಲ್ಲಿ ಧ್ವನಿ ಗ್ರಂಥಾಲಯ ನಡೆಸುತ್ತದೆ. ಓದು ಬಲ್ಲವರು ಬಂದು ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಾರೆ, ಅದನ್ನು ರೆಕಾರ್ಡ್ ಮಾಡಿ ಇಡುತ್ತಾರೆ, ವಿದ್ಯಾರ್ಥಿಗಳು ತಮ್ಮ ಫೋನಿಗೆ ತುಂಬಿಸಿಕೊಂಡು ಹೋಗುತ್ತಾರೆ. ನಮ್ಮ ಕಾಲೇಜಿನ ಕೆಲವು ಹುಡುಗಿಯರೂ ಅಲ್ಲಿ ಓದಿ ಬಂದಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಕಾರ್ಯದರ್ಶಿಗಳ ಪರಿಚಯ ನನಗಾದದ್ದು ಹಾಗೆ.

ಕನ್ನಡದ ಪುಸ್ತಕಗಳನ್ನು ಬಹುಮಟ್ಟಿಗೆ ಓದಿದವರು ಬಬಲೇಶ್ವರದ ಒಬ್ಬ ಅಕ್ಕೋರು. ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಲೆ ವರ್ಷಗಟ್ಟಲೆ ಬಸ್ಸಿನಲ್ಲಿ ಬಂದು, ಒಂದೊಂದೇ ಪಾಠ ಓದಿ ಹೋಗುತ್ತಿದ್ದರು. ಬರಲಾಗದ ದಿನ ಮನೆಯಲ್ಲೇ ಫೋನಿನಲ್ಲಿ ಓದಿ ಕಳಿಸುತ್ತಿದ್ದರು. ಹಿಂದಿನ ವರ್ಷ ಅವರಿಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಈಗ ಪಿಸುಮಾತು ಅಷ್ಟೇ. ಅವರು ಓದಿದ್ದೆಲ್ಲ ಆ ಸರ್ವರ್‌ನಲ್ಲಿತ್ತು. ಬೇರೆ ಕಡೆ ನಕಲು ಇರಲಿಲ್ಲ. ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಕೂಡಲೇ ಫೋನಿನಲ್ಲಿ ಜಾಗ ಮಾಡಲು ಹಳೆಯದನ್ನು ಅಳಿಸಿಬಿಡುತ್ತಿದ್ದರು. ಮುಂದಿನ ಪದವಿ ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಅಂಗಡಿಯವರು ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಪ್ರಾಮಾಣಿಕ ಮನುಷ್ಯ. ಏನೇನು ಮಾಡಿದೆ ಎಂಬುದರಲ್ಲಿ ಒಂದನ್ನೂ ಮುಚ್ಚಿಡದೆ ಸಾಲಾಗಿ ಹೇಳಿದರು. ಸರ್ವರ್ ಒಳಗೆ ಮೂರು ದೊಡ್ಡ ಡಿಸ್ಕುಗಳು, ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶ ಇರುವ ಚಿಕ್ಕ ಡಿಸ್ಕು ಬೇರೆ. ನಡುವಿನ ಡಿಸ್ಕು ಟಕ್ ಟಕ್ ಸದ್ದು ಮಾಡುತ್ತಿತ್ತು. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಯಂತ್ರ ಏಳಲಿಲ್ಲ. ಲಿನಕ್ಸೇ ಕೆಟ್ಟಿರಬೇಕೆಂದು ಚಿಕ್ಕ ಡಿಸ್ಕಿನಲ್ಲಿ ಅದನ್ನು ಹೊಸದಾಗಿ ಹಾಕಿದರು. ಆಗ ಯಂತ್ರ, ಮೂರು ಡಿಸ್ಕುಗಳ ಗುಂಪಿನಲ್ಲಿ ಒಂದು ಡಿಸ್ಕು ಕಾಣೆಯಾಗಿದೆ ಎಂದಿತು. ಇಂಟರ್ನೆಟ್ಟಿನಲ್ಲಿ ನೋಡಿ, ಕಾಣೆಯಾದದ್ದನ್ನು ಬಲವಂತವಾಗಿ ತೆಗೆದುಹಾಕುವ ಆಜ್ಞೆ ಕೊಟ್ಟರು.

“ಅಲ್ಲೇ ಎಲ್ಲಾ ಮಾಯ ಆತ್ರಿ,” ಎಂದರು. “ಡಿಸ್ಕ್ ಖಾಲಿ ಅಂತ ತೋರಸಾಕತ್ತೈತಿ.”

ಮೂರು ಹೊಲಗಳ ನಡುವಿನ ಬದು ಕಿತ್ತು ಒಂದೇ ಹೊಲ ಮಾಡಿದಂತೆ, ಮೂರು ಡಿಸ್ಕುಗಳನ್ನು ಸೇರಿಸಿ ಲಿನಕ್ಸ್ ಒಂದೇ ದೊಡ್ಡ ಜಾಗವನ್ನಾಗಿ ತೋರಿಸಬಲ್ಲದು. ಅದಕ್ಕೆ ಲಾಜಿಕಲ್ ವಾಲ್ಯೂಮ್ ಎನ್ನುತ್ತೇವೆ. ಯಾವ ಡಿಸ್ಕಿನ ಎಲ್ಲಿಂದ ಎಲ್ಲಿಯವರೆಗಿನ ಜಾಗ ಇದಕ್ಕೆ ಸೇರಿದ್ದು ಎಂಬ ನಕಾಶೆ ಪ್ರತಿ ಡಿಸ್ಕಿನ ತಲೆಯ ಭಾಗದಲ್ಲಿ ಬರೆದಿರುತ್ತದೆ. ಕಾಣೆಯಾದ ಡಿಸ್ಕನ್ನು ಕಿತ್ತುಹಾಕು ಎಂದಾಗ, ಅದರ ಮೇಲೆ ನಿಂತಿದ್ದ ವಾಲ್ಯೂಮನ್ನೂ ಲಿನಕ್ಸ್ ನಕಾಶೆಯಿಂದ ತೆಗೆದುಬಿಟ್ಟಿತ್ತು.

“ಹಂಗಾರ ಎಲ್ಲಾ ಹೋದಂಗೇನ್ರಿ?” ಕಾರ್ಯದರ್ಶಿಗಳು ಕೇಳಿದರು.

“ನಕಾಶೆ ಹೋಗೈತ್ರಿ. ಹೊಲ ಅಲ್ಲೇ ಐತಿ. ಆದ್ರ ನಡುವಿನ ಹೊಲ ಕೆಟ್ಟಂಗ ಕಾಣತೈತಿ.”

ಉಳಿದೆರಡನ್ನೂ ಬಿಚ್ಚಿ, ಮೂರೂ ಡಿಸ್ಕುಗಳನ್ನು ಒಂದೊಂದಾಗಿ ಟವೆಲ್‌ನಲ್ಲಿ ಸುತ್ತಿಕೊಂಡೆ. ಟಂಟಂ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಲೇಜಿಗೆ ತಂದೆ. ಅಲ್ಲಿ ಸರ್ವರ್ ಕೋಣೆಗೆ ಏಸಿ ಇದೆ, ಕರೆಂಟು ಹೋದರೆ ಯುಪಿಎಸ್ ಇದೆ. ಮೊದಲು ಆಗಬೇಕಾದ ಕೆಲಸ ದುರಸ್ತಿ ಅಲ್ಲ, ನಕಲು. ಮೂಲ ಡಿಸ್ಕುಗಳ ಮೇಲೆ ಒಂದಕ್ಷರವನ್ನೂ ಬರೆಯಕೂಡದು. ಏನೇ ಪ್ರಯೋಗ ಮಾಡಿದರೂ ನಕಲಿನ ಮೇಲೆ. ನಕಲಿಗೆ ಮೂರನ್ನೂ ನುಂಗುವಷ್ಟು ದೊಡ್ಡ ಜಾಗ ಬೇಕು. ಕಾಲೇಜಿನ ಕ್ಯಾಮೆರಾಗಳಿಗೆಂದು ತರಿಸಿದ್ದ ದೊಡ್ಡ ಡಿಸ್ಕು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತು ವಿಷಯ ಹೇಳಿದೆ. “ಮುಂದ ಬರೂ ರಜೆ ಮುಗಿಯೂದರೊಳಗ ತಿರುಗಿ ಕೊಟ್ರ ಆತು,” ಎಂದು ಒಪ್ಪಿದರು.

ಮೊದಲನೆಯ ಮತ್ತು ಮೂರನೆಯ ಡಿಸ್ಕುಗಳ ನಕಲು ತಂಟೆಯಿಲ್ಲದೆ ಆಯಿತು. ನಡುವಿನದು ಸತಾಯಿಸಿತು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಕೆಟ್ಟ ಜಾಗ ಬಂದಾಗ ಅಲ್ಲೇ ಗುದ್ದಾಡುತ್ತ ಕೂಡದೆ, ಜಿಗಿದು ಮುಂದಿನದನ್ನು ಓದುತ್ತದೆ. ಯಾವುದು ಉಳಿಯಿತು ಎಂಬ ನೆನಪನ್ನೂ ಇಟ್ಟುಕೊಳ್ಳುತ್ತದೆ. ಅರ್ಧ ದಾಟುವ ಹೊತ್ತಿಗೆ ಡಿಸ್ಕು ಬಿಸಿಯಾಗಿ, ಟಕ್ ಟಕ್ ಎಂದು ಎರಡು ಸಲ ಬಡಿದು, ಯಂತ್ರದ ಕಣ್ಣಿಗೇ ಬೀಳದಂತಾಯಿತು. ಕರೆಂಟು ತೆಗೆದು, ಏಸಿ ಗಾಳಿಯ ಎದುರು ತಣ್ಣಗಾಗಲು ಬಿಟ್ಟೆ. ಮತ್ತೆ ಹಚ್ಚಿದಾಗ ಸ್ವಲ್ಪ ಓದಿತು, ಮತ್ತೆ ಮಲಗಿತು. ಮುಂದಿನಿಂದ ಹೋದರೆ ಒಪ್ಪುತ್ತಿಲ್ಲವೆಂದು ಹಿಂದಿನಿಂದ, ಕೊನೆಯಿಂದ ಮೊದಲಿಗೆ ಓದಿಸಿದೆ. ಅದು ಫಲ ಕೊಟ್ಟಿತು. ಪರೀಕ್ಷೆಗಳ ನಡುವೆ, ಊಟದ ಹೊತ್ತಿನಲ್ಲಿ, ಹುಡುಗರು ಮನೆಗೆ ಹೋದ ಮೇಲೆ, ಹೀಗೆ ಓಡಿ ಬಂದು ನೋಡುವುದೇ ಆಯಿತು. ವಾರ ಕಳೆಯುವ ಹೊತ್ತಿಗೆ ಆ ಡಿಸ್ಕು ತನ್ನ ಬಹುಪಾಲನ್ನು ಬಿಟ್ಟುಕೊಟ್ಟಿತ್ತು. ಓದಲಾಗದ ಜಾಗ ಅಲ್ಲಲ್ಲಿ ತೂತುಗಳ ಹಾಗೆ ಉಳಿದಿತ್ತು. ಮೂಲ ಡಿಸ್ಕನ್ನು ಬಂದ್ ಮಾಡಿ ತೆಗೆದಿಟ್ಟೆ.

ಈಗ ನಕಾಶೆ. ಲಿನಕ್ಸ್ ತನ್ನ ಹಳೆಯ ನಕಾಶೆಗಳನ್ನು ಚಿಕ್ಕ ಡಿಸ್ಕಿನಲ್ಲಿ ಕಾಪಿಟ್ಟಿರುತ್ತದೆ. ಆದರೆ ಅಲ್ಲಿ ಹೊಸ ಲಿನಕ್ಸ್ ಬಂದು ಕೂತಿತ್ತು. ಕೆಟ್ಟ ಡಿಸ್ಕಿನ ತಲೆಯ ಭಾಗ ತೂತುಗಳಲ್ಲೊಂದು. ಉಳಿದದ್ದು ಒಳ್ಳೆಯ ಎರಡು ಡಿಸ್ಕುಗಳು. ಹೊಸ ನಕಾಶೆ ಬರೆಯುವಾಗ ಲಿನಕ್ಸ್ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಬರೆಯುತ್ತದೆ. ನಕಲಿನ ತಲೆಯ ಭಾಗವನ್ನು ಬಿಡಿಸಿ ಅಕ್ಷರಗಳನ್ನು ಹೊರತೆಗೆದಾಗ ಹಳೆಯ ನಕಾಶೆಗಳು ಒಂದರ ಬೆನ್ನಿಗೊಂದು ಸಿಕ್ಕವು. ಮೂರೂ ಡಿಸ್ಕುಗಳ ಹೆಸರಿರುವ ಒಂದನ್ನು ಆರಿಸಿ, ಅದರಂತೆ ಗುಂಪನ್ನು ಮತ್ತೆ ಕಟ್ಟಿದೆ. ವಾಲ್ಯೂಮ್ ಎದ್ದು ನಿಂತಿತು. ತೆರೆಯಲು ಹೋದರೆ ಒಪ್ಪಲಿಲ್ಲ. ಫೈಲುಗಳ ವ್ಯವಸ್ಥೆ ತಾನು ಇಷ್ಟು ದೊಡ್ಡದು ಎನ್ನುತ್ತಿತ್ತು, ನಾನು ಕಟ್ಟಿದ ವಾಲ್ಯೂಮ್ ಅದಕ್ಕಿಂತ ಚಿಕ್ಕದಿತ್ತು.

ಒಂದು ಇಡೀ ಮಧ್ಯಾಹ್ನ ಅದರ ಮುಂದೆ ಕೂತೆ. ಚಹಾ ತಣ್ಣಗಾಯಿತು. ಕೊನೆಗೆ ಹೊಳೆಯಿತು. ಆಮೇಲೆ ಎಂದೋ ತಂದ ಮೂರನೆಯ ಡಿಸ್ಕನ್ನು ಗುಂಪಿಗೆ ಸೇರಿಸುವುದು ಒಂದು ಕೆಲಸ, ವಾಲ್ಯೂಮನ್ನು ಅದರ ಮೇಲಕ್ಕೆ ಹಿಗ್ಗಿಸುವುದು ಇನ್ನೊಂದು. ನಾನು ಆರಿಸಿದ್ದು ಈ ಎರಡರ ನಡುವಿನ ನಕಾಶೆ. ಡಿಸ್ಕು ಸೇರಿತ್ತು, ವಾಲ್ಯೂಮ್ ಇನ್ನೂ ಹಿಗ್ಗಿರಲಿಲ್ಲ. ಮುಂದಿನ ಕ್ರಮಸಂಖ್ಯೆಯ ನಕಾಶೆ ಹಿಡಿದು ಮತ್ತೆ ಕಟ್ಟಿದೆ. ಎರಡೂ ಅಳತೆಗಳು ಒಂದಕ್ಕೊಂದು ಸರಿಹೋದವು. ನಾನೊಬ್ಬಳೇ ಕೋಣೆಯಲ್ಲಿ ಎದ್ದು ನಿಂತು, ಮತ್ತೆ ಕೂತೆ.

ನಕಲಿನ ಮೇಲೆ ತೆಳುವಾದ ಇನ್ನೊಂದು ಪದರ ಹಾಸಿಕೊಂಡು, ಎಫ್‌ಎಸ್‌ಸಿಕೆ ಎಂಬ ದುರಸ್ತಿ ಆಜ್ಞೆ ಕೊಟ್ಟೆ. ತಿದ್ದಿದ್ದೆಲ್ಲ ಆ ಪದರದ ಮೇಲೆ ಬೀಳುತ್ತದೆ. ಕೆಟ್ಟರೆ ಪದರವನ್ನು ಕಿತ್ತೆಸೆದು ಮತ್ತೆ ಶುರು ಮಾಡಬಹುದು. ದುರಸ್ತಿ ಮುಗಿದು ವಾಲ್ಯೂಮ್ ತೆರೆಯಿತು. ಇತಿಹಾಸ, ಸಮಾಜಶಾಸ್ತ್ರ, ಇಂಗ್ಲಿಷ್, ಎಲ್ಲ ಫೋಲ್ಡರುಗಳೂ ಕಂಡವು. ಕಾರ್ಯದರ್ಶಿಗಳನ್ನು ಕರೆಸಿ ತೋರಿಸಿದೆ. ಅವರು ಕುರ್ಚಿಯ ತುದಿಯಲ್ಲಿ ಕೂತು ಇತಿಹಾಸದ ಒಂದು ಪಾಠ ಕೇಳಿದರು.

“ಸಾಕ್ರಿ ಮೇಡಮ್ಮರ. ಇಷ್ಟ ಬಂತಲ್ಲ, ದೊಡ್ಡದು. ಕೊಟ್ಟಬಿಡ್ರಿ, ಹುಡುಗರು ಕಾಯಾಕತ್ತಾರ.”

“ಕನ್ನಡ ನೋಡ್ರಿ,” ಎಂದೆ.

ಕನ್ನಡದ ಫೋಲ್ಡರ್ ಇರಲಿಲ್ಲ. ಹೆಸರು ಕಳೆದುಕೊಂಡ ಫೈಲುಗಳನ್ನು ದುರಸ್ತಿಯಾದ ಮೇಲೆ ಹಾಕುವ ಜಾಗವೊಂದಿರುತ್ತದೆ, ಅಲ್ಲೂ ಇರಲಿಲ್ಲ. ಅಕ್ಕೋರು ಓದಿದ್ದು ಒಂದೂ ಇಲ್ಲ. ಕಾರ್ಯದರ್ಶಿಗಳು, “ಅಕ್ಕೋರಿಗೆ ನಾ ಹೆಂಗ ಹೇಳಲಿ?” ಎಂದರು.

“ಈಗೇನೂ ಹೇಳಬ್ಯಾಡ್ರಿ. ಇನ್ನೊಂದು ಹಾದಿ ಐತಿ. ಆದ್ರ ಅದಕ್ಕ ಕೆಟ್ಟ ಡಿಸ್ಕನ್ನ ಮತ್ತೊಮ್ಮೆ ಎಬ್ಬಸಬೇಕು. ಎದ್ರ ಎದ್ದೀತು, ಇಲ್ಲಂದ್ರ ಅಲ್ಲಿಗೇ ಮುಗೀತು.”

“ಸಿಕ್ಕಿದ್ದು ಹೋಗೂದಿಲ್ಲಲ್ಲ?”

“ಸಿಕ್ಕಿದ್ದರ ನಕಲು ನನ್ನ ಕಡೆ ಐತ್ರಿ.”

“ಹಂಗಾರ ಮಾಡ್ರಿ.”

ಮಾಡಿದ ದುರಸ್ತಿಯ ಪದರವನ್ನು ಕಿತ್ತು ಹಾಕಿದೆ. ಅದನ್ನು ಅಳಿಸುವಾಗ ಕಾರ್ಯದರ್ಶಿಗಳು ಕಣ್ಣು ಬೇರೆ ಕಡೆ ಹೊರಳಿಸಿದರು. ಕಣ್ಣೆದುರು ಇದ್ದದ್ದನ್ನು ಬಿಟ್ಟುಕೊಟ್ಟು ಹಿಂದಕ್ಕೆ ಹೋಗುವ ಆ ತೀರ್ಮಾನ ಸುಲಭದ್ದಲ್ಲ. ಆದರೆ ಆ ದುರಸ್ತಿ ತೂತಾದ ಜಾಗವನ್ನು ಖಾಲಿ ಎಂದೇ ಬರೆದುಕೊಂಡಿತ್ತು, ಅದನ್ನೇ ನಂಬಿ ಕೂತಿದ್ದರೆ ಕನ್ನಡ ಎಂದೂ ಬರುತ್ತಿರಲಿಲ್ಲ.

ನನ್ನ ಲೆಕ್ಕ ಹೀಗಿತ್ತು. ಪ್ರತಿ ಫೈಲಿನ ವಿಳಾಸ ಐನೋಡ್ ಎಂಬ ಕೋಷ್ಟಕದಲ್ಲಿರುತ್ತದೆ. ಹೆಸರು ಬೇರೆ ಕಡೆ, ಫೋಲ್ಡರಿನಲ್ಲಿರುತ್ತದೆ. ಕನ್ನಡದ ಫೈಲುಗಳ ಐನೋಡ್‌ಗಳೆಲ್ಲ ಒಂದೇ ಕಡೆ ಇದ್ದು, ಆ ಜಾಗ ತೂತಿನಲ್ಲಿ ಬಿದ್ದಿರಬೇಕು. ಹಾಗಿದ್ದರೆ ದನಿಗಳು ಬೇರೆಡೆ ಇಡಿಯಾಗಿಯೇ ಇವೆ, ವಿಳಾಸ ಮಾತ್ರ ಇಲ್ಲ. ಇಡೀ ಡಿಸ್ಕನ್ನು ಓದಿಸಬೇಕಾಗಿಲ್ಲ. ಆ ಒಂದು ಪಟ್ಟಿಯಷ್ಟು ಜಾಗ ಓದಿದರೆ ಸಾಕು. ವ್ಯವಸ್ಥೆಯ ಯಾವ ಭಾಗದ ಕೋಷ್ಟಕ ಎಲ್ಲಿರಬೇಕು ಎಂದು ಹುಡುಕಿ, ಅದು ವಾಲ್ಯೂಮಿನ ಎಷ್ಟನೆಯ ತುಂಡು, ಆ ತುಂಡು ನಡುವಿನ ಡಿಸ್ಕಿನಲ್ಲಿ ಎಲ್ಲಿಂದ ಶುರುವಾಗುತ್ತದೆ ಎಂದು ಹಾಳೆಯ ಮೇಲೆ ಕೂಡಿಸಿ ಕಳೆದೆ. ಮತ್ತೆ ಬೇರೆ ಹಾಳೆಯ ಮೇಲೆ ಮೊದಲಿನಿಂದ ಮಾಡಿದೆ. ಉತ್ತರ ಅದೇ ಬಂತು.

ಅವತ್ತು ಭಾನುವಾರ, ಬುದ್ಧ ಪೂರ್ಣಿಮೆ. ಮನೆಯವರೆಲ್ಲ ಬಿಳಿ ಬಟ್ಟೆ ಉಟ್ಟು ಬುದ್ಧ ವಿಹಾರಕ್ಕೆ ಹೊರಟಿದ್ದರು. ನಾನೂ ಬಿಳಿ ಸೀರೆ ಉಟ್ಟಿದ್ದೆ, ಆದರೆ ನನ್ನ ದಾರಿ ಕಾಲೇಜಿನದು.

“ಬುದ್ಧ ವಂದನಾಕ್ಕಾದರೂ ನಿಂತು ಹೋಗಬಾರದೇನ?” ಎಂದಳು ಅವ್ವ.

“ಬಿಸಲ ಏರೂದರೊಳಗ ಹಚ್ಚಬೇಕವ್ವಾ. ಡಿಸ್ಕ್ ಬಿಸಿ ತಡಿಯೂದಿಲ್ಲ.”

ಅವ್ವ ಖೀರು ಡಬ್ಬಿಗೆ ಹಾಕಿ ಕೈಗೆ ಕೊಟ್ಟಳು.

ಏಸಿಯನ್ನು ಕಡಿಮೆಗೆ ಇಳಿಸಿ, ಕೋಣೆ ಚಳಿ ಹಿಡಿಯುವಷ್ಟು ಆದ ಮೇಲೆ ಡಿಸ್ಕು ಹಚ್ಚಿದೆ. ಅದು ತಿರುಗಿತು. ಬಡಿಯಲಿಲ್ಲ. ಲೆಕ್ಕ ಹಾಕಿದ್ದ ಜಾಗದಿಂದಲೇ ಓದು ಎಂದೆ. ಮೊದಲ ಸಲ ಏನೂ ಬರಲಿಲ್ಲ. ಓದುವ ತುಣುಕನ್ನು ಚಿಕ್ಕದು ಮಾಡಿ, ಹಿಂದಿನಿಂದ ಬಾ ಎಂದೆ. ಪರದೆಯ ಮೇಲೆ ಉಳಿದ ಭಾಗದ ಅಂಕಿ ಒಂದು ಕ್ಷಣ ಅಲುಗಾಡದೆ ನಿಂತು, ಮತ್ತೆ ಇಳಿಯಿತು. ನಾನು ಖೀರಿನ ಡಬ್ಬಿ ತೆರೆದು ಎರಡು ಚಮಚ ತಿನ್ನುವಷ್ಟರಲ್ಲಿ ಇನ್ನಷ್ಟು ಇಳಿಯಿತು. ಪೂರ್ತಿ ಸೊನ್ನೆಗೆ ಬರಲಿಲ್ಲ. ಸ್ವಲ್ಪ ಉಳಿದಿರುವಾಗಲೇ ಡಿಸ್ಕು ದೊಡ್ಡದಾಗಿ ಕೆರೆದ ಸದ್ದು ಮಾಡಿ ನಿಂತಿತು. ಮುಂದೆ ಎಷ್ಟು ತಣ್ಣಗೆ ಮಾಡಿದರೂ ಅದು ಏಳಲಿಲ್ಲ.

ಸಿಕ್ಕ ಭಾಗವನ್ನು ನಕಲಿನಲ್ಲಿ ಕೂರಿಸಿ, ಹೊಸ ಪದರ ಹಾಸಿ, ದುರಸ್ತಿ ಮತ್ತೆ ನಡೆಸಿದೆ. ಈ ಸಲ ಹೆಸರು ಕಳೆದುಕೊಂಡವರ ಜಾಗ ತುಂಬಿ ಹೋಯಿತು. ಸಾಲುಸಾಲು ಫೈಲುಗಳು, ಹೆಸರಿನ ಬದಲು ಬರೀ ಅಂಕಿ. ಒಂದನ್ನು ತೆರೆದೆ. ನಿಧಾನವಾದ, ಸ್ಪಷ್ಟವಾದ ಹೆಣ್ಣು ದನಿಯೊಂದು ನಡುಗನ್ನಡದ ಪದ್ಯ ಓದತೊಡಗಿತು. ಅಕ್ಕೋರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಆ ಹೊತ್ತಿನ ಹೆಮ್ಮೆಯನ್ನು ನಾನು ಯಾರ ಮುಂದೆಯೂ ಕಡಿಮೆ ಮಾಡಿ ಹೇಳುವುದಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಆ ಒಂದು ಬೆಳಗಿಗೆ ಕೆಲಸಕ್ಕೆ ಬಂದಿತ್ತು.

ಆದರೆ ಹೆಸರುಗಳು? ಫೋಲ್ಡರ್ ಇದ್ದ ಜಾಗ ಡಿಸ್ಕಿನ ಜೊತೆಗೇ ಹೋಗಿತ್ತು. ಯಾವ ಪುಸ್ತಕ, ಯಾವ ಪಾಠ, ಎಷ್ಟನೆಯ ಭಾಗ ಎಂದು ತಿಳಿಯಲು ಒಂದೊಂದನ್ನೂ ಕೇಳಬೇಕು. ನಾನೊಬ್ಬಳೇ ಕೂತರೆ ಪರೀಕ್ಷೆ ಮುಗಿದೇ ಹೋಗುತ್ತಿತ್ತು.

ಕಾರ್ಯದರ್ಶಿಗಳು ತಿಕೋಟಾದ ಒಬ್ಬ ವಿದ್ಯಾರ್ಥಿನಿಯನ್ನು ಕರೆಸಿದರು. ಬಿ.ಎ. ಕೊನೆಯ ವರ್ಷ. ಹುಟ್ಟಿನಿಂದ ಕಣ್ಣು ಕಾಣದು. ತಂದೆ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಾರೆ. ಆಕೆ ಬೆಳಗಿನ ಬಸ್ಸಿಗೆ ಬಂದು, ಚೀಲದಿಂದ ಒಂದು ಪೊಟ್ಟಣ ಒಣದ್ರಾಕ್ಷಿ ತೆಗೆದು ಮೇಜಿನ ಮೇಲಿಟ್ಟು, ಇಯರ್‌ಫೋನ್ ಬೇಡ, ಗಟ್ಟಿಯಾಗಿಯೇ ಹಚ್ಚಿ ಎಂದಳು.

ಮೊದಲ ಫೈಲ್ ಹಚ್ಚಿದೆ. ಅಕ್ಕೋರು ಉಸಿರು ಎಳೆದುಕೊಂಡು ಎರಡು ಮಾತು ಓದಿದ್ದರು.

“ಛಂದಸ್ಸು. ಎರಡನೇ ಪಾಠ. ಮುಂದಿಂದು ಹಚ್ರಿ ಅಕ್ಕಾ.”

ಎರಡನೆಯದು.

“ಇದು ವ್ಯಾಕರಣ, ಸಂಧಿ ಪಾಠ. ಸ್ವಲ್ಪ ತಡೀರಿ, ಇದರಾಗ ಕುಕ್ಕರ್ ಸೀಟಿ ಹೊಡಿತೈತಿ.” ಹೇಳಿ ಮುಗಿಸುವುದರೊಳಗೆ ಬಬಲೇಶ್ವರದ ಅಡುಗೆಮನೆಯ ಕುಕ್ಕರ್ ಸೀಟಿ ಕೇಳಿಸಿತು. “ಹೌದು, ಸಂಧೀನ. ಬರಕೋರಿ.”

“ಇಷ್ಟ ನೆನಪು ಹೆಂಗ ಇಟ್ಟಿಯವ್ವಾ?” ಕಾರ್ಯದರ್ಶಿಗಳು ಕೇಳಿದರು.

“ನಾ ಇವನ್ನ ಕೇಳಕೋಂತನ ಪಾಸ್ ಆಗೇನ್ರಿ ಸರ್.”

ಮರುದಿನ ಅವಳ ಗೆಳತಿಯರೂ ಬಂದರು. ಅವರು ಹೇಳುತ್ತಿದ್ದರು, ನಾನು ಹೆಸರು ಬರೆಯುತ್ತಿದ್ದೆ. ಯಾರಿಗಾದರೂ ಅನುಮಾನ ಬಂದರೆ ತಮ್ಮತಮ್ಮಲ್ಲೇ ವಾದ ಮಾಡಿ, ಇನ್ನೊಂದಿಷ್ಟು ಕೇಳಿ ತೀರ್ಮಾನಿಸುತ್ತಿದ್ದರು. ಒಂದು ಫೈಲಿಗಂತೂ ಎಷ್ಟು ಹೊತ್ತಾದರೂ ಒಪ್ಪಿಗೆ ಆಗಲಿಲ್ಲ. ಊಟ ಮಾಡಿ ಬಂದು ಮತ್ತೆ ಕೇಳಿದಾಗ, ಅದು ಯಾವ ಪಾಠವೂ ಅಲ್ಲ, ರೆಕಾರ್ಡಿಂಗ್ ಬಂದ್ ಮಾಡಲು ಮರೆತು ಅಕ್ಕೋರು ಪಕ್ಕದ ಮನೆಯವರ ಜೊತೆ ಉಪ್ಪಿನಕಾಯಿ ವಿಷಯ ಮಾತಾಡಿದ್ದು ಎಂದು ಗೊತ್ತಾಯಿತು. ಎಲ್ಲರೂ ನಕ್ಕರು. ಅದನ್ನೂ ಉಳಿಸಿದೆವು.

ಎಲ್ಲವೂ ಬಂತೆಂದು ಹೇಳಲಾರೆ. ಹಳಗನ್ನಡದ ಒಂದು ಪುಸ್ತಕದ ಕೊನೆಯ ಪಾಠಗಳು ಬರಲಿಲ್ಲ. ಕೆಲವು ಫೈಲುಗಳಲ್ಲಿ ನಡುವೆ ದನಿ ಕರಕರ ಎನ್ನುತ್ತದೆ. ಆದರೆ ಆ ಪರೀಕ್ಷೆಗೆ ಬೇಕಾದ ಪುಸ್ತಕಗಳು ಪೂರ್ತಿ ಇದ್ದವು. ಪರೀಕ್ಷೆಯ ಮೊದಲು ಎಲ್ಲರ ಫೋನಿಗೂ ತುಂಬಿಸಿ ಕಳಿಸಿದೆವು. ಕಾಲೇಜಿನ ದೊಡ್ಡ ಡಿಸ್ಕು ಪ್ರಿನ್ಸಿಪಾಲರ ಕೈಗೆ ತಿರುಗಿ ಹೋಯಿತು. ಅಂಗಡಿಯವರು ತಾವಾಗಿಯೇ ಬಂದು ಹೊಸ ಸರ್ವರ್ ಜೋಡಿಸಿಕೊಟ್ಟರು. ಈ ಸಲ ಒಂದು ಡಿಸ್ಕು ಕೆಟ್ಟರೆ ಇನ್ನೊಂದು ನಿಲ್ಲುವ ಹಾಗೆ.

ಇನ್ನು ಮುಂದೆ ನಕಲುಗಳು ಬೇರೆ ಬೇರೆ ಊರಿನಲ್ಲಿ ಇರಬೇಕೆಂದು ತೀರ್ಮಾನವಾಯಿತು. ಒಂದನ್ನು ತೆಗೆದುಕೊಂಡು ನಾನೇ ಬಬಲೇಶ್ವರಕ್ಕೆ ಹೋದೆ. ಅಕ್ಕೋರು ಬಾಗಿಲಲ್ಲೇ ಕಾಯುತ್ತಿದ್ದರು. ಕುತ್ತಿಗೆಗೆ ತೆಳುವಾದ ವಸ್ತ್ರ ಸುತ್ತಿಕೊಂಡಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ಸಂಧಿ ಪಾಠ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಅಳಬಹುದೆಂದು ನಾನು ಅಂಜಿದ್ದೆ. ಅವರು ಅಳಲಿಲ್ಲ. ಪಾಠ ಅರ್ಧಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸು ಎಂದರು.

“ತಪ್ಪ ಓದೇನಿ,” ಪಿಸುಗುಟ್ಟಿದರು. ನಾನು ಕಿವಿ ಹತ್ತಿರ ಒಯ್ದೆ. “ಮನೆಯನ್ನು, ಇದಕ್ಕ ಲೋಪ ಸಂಧಿ ಅಂದೇನಿ. ಆಗಮ ಆಗಬೇಕು. ಎಷ್ಟ ಹುಡುಗರು ಇದನ್ನ ಕೇಳ್ಯಾರೋ.”

“ಇಷ್ಟ ದಿನದಾಗ ಯಾರೂ ಹೇಳಿಲ್ಲಲ್ರಿ ಅಕ್ಕೋರ.”

“ನಾ ಓದೇನಿ ಅಂತ ಸರಿ ಅಂದಕೊಂಡಿರತಾರ. ತಿದ್ದಬೇಕು. ನೀ ಓದು.”

ಡಿಸ್ಕು ಕೆರೆದ ಸದ್ದು ಮಾಡಿದಾಗಲೂ ನಾನು ಅಷ್ಟು ಹೆದರಿರಲಿಲ್ಲ. ಅವರು ಹೇಳಿಕೊಟ್ಟಂತೆ ಫೋನಿನಲ್ಲಿ ಓದಿದೆ. ಮನೆ ಎಂಬ ಪದಕ್ಕೆ ಅನ್ನು ಎಂಬ ಪ್ರತ್ಯಯ ಸೇರಿದಾಗ ಮನೆಯನ್ನು ಎಂದಾಗುತ್ತದೆ. ಇಲ್ಲಿ ಯಕಾರ ಹೊಸದಾಗಿ ಬಂದಿದೆ. ಆದ್ದರಿಂದ ಇದು ಆಗಮ ಸಂಧಿ.

ಅಕ್ಕೋರು ತಲೆ ಅಲ್ಲಾಡಿಸಿದರು. “ಓಡಬ್ಯಾಡ. ಕೇಳಾವರು ಬರಕೋತಿರತಾರ. ಯಕಾರ ಅಂದು ನಿಲ್ಲು.”

ಮತ್ತೆ ಓದಿದೆ. ಮತ್ತೆ ತಲೆ ಅಲ್ಲಾಡಿಸಿದರು. ಎಷ್ಟು ಸಲವೋ ಆದ ಮೇಲೆ, “ಹ್ಞೂಂ, ಇದು ಆತು,” ಎಂದರು. ಅವರ ತಪ್ಪು ಮಾತಿದ್ದ ಜಾಗದಲ್ಲಿ ನನ್ನದನ್ನು ಕೂರಿಸಿದೆ. ವಿಜಯಪುರಕ್ಕೆ ಮರಳಿ ಎಲ್ಲ ನಕಲುಗಳಲ್ಲೂ ಅದನ್ನೇ ಹಾಕಿದೆ, ವಿದ್ಯಾರ್ಥಿಗಳ ಫೋನಿಗೂ ಕಳಿಸಿದೆ.

ಕೆಲವು ದಿನಗಳ ಮೇಲೆ ತಿಕೋಟಾದ ಹುಡುಗಿಯ ಫೋನು ಬಂತು.

“ಅಕ್ಕಾ, ಸಂಧಿ ಪಾಠದಾಗ ನಡುವ ನೀವು ಬರ್ತೀರಲ್ಲ.”

“ಗುರ್ತು ಹಿಡದ್ಯಾ?”

“ಹಿಡೀದ ಏನ್ರಿ. ಚಲೋ ಮೆಲ್ಲಕ ಓದೀರಿ. ಬರಕೊಳ್ಳಾಕ ಅನುಕೂಲ ಆತು.”

ಆ ಸಂಜೆ ಮನೆಯಲ್ಲಿ ಆ ಪಾಠವನ್ನು ಅವ್ವನಿಗೆ ಕೇಳಿಸಿದೆ. ಅವ್ವ ಸಾಲಿ ಕಲಿತವಳಲ್ಲ, ಸಂಧಿ ಎಂದರೆ ಏನೆಂದು ಅವಳಿಗೆ ತಿಳಿಯದು. ಅಕ್ಕೋರ ದನಿ ನಿಂತು ನನ್ನ ದನಿ ಬಂದಾಗ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು. ಆ ಎರಡು ಮಾತು ಮುಗಿದು ಮತ್ತೆ ಅಕ್ಕೋರು ಬಂದರು.

“ತಡಿ,” ಎಂದಳು ಅವ್ವ. “ನಿಂದು ಮತ್ತೊಮ್ಮೆ ಹಚ್ಚು.”